ಕಂಪ್ಯೂಟರಿನ ಉಷ್ಣ, ಮೆಹಬೂಬಿಯ ಕೈಗುಣ

ನಮ್ಮ ಮನೆಯಲ್ಲಿ ಲಾರಿ ಓಡಿಸಲು ಬಾರದವನು ನಾನೊಬ್ಬನೇ. ಮನೆಯಲ್ಲಿರುವವರು ಇಬ್ಬರೇ ಆದ್ದರಿಂದ ಇದನ್ನು ಇನ್ನೂ ಸರಳವಾಗಿ ಹೇಳಬಹುದು: ನನ್ನ ಹೆಂಡತಿ ಗಿರಿಜೆಗೆ ಲಾರಿ ಓಡಿಸಲು ಬರುತ್ತದೆ, ನನಗೆ ಬರುವುದಿಲ್ಲ. ಗಾಬರಿಯಾಗಬೇಡಿ, ಲಾರಿ ಇರುವುದು ಕಂಪ್ಯೂಟರಿನೊಳಗೆ. ಕುಬಿಹಾಳದ ನಮ್ಮ ಪಡಸಾಲೆಯಲ್ಲಿ ಕುರ್ಚಿ ಎಳೆದುಕೊಂಡು ಕುಳಿತರೆ ಯಾವುದೋ ದೂರದೇಶದ ಹೆದ್ದಾರಿ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಗಾಜಿನ ಹಾಳೆ, ಚೀಸಿನ ಪೆಟ್ಟಿಗೆ, ಏನಾದರೊಂದು ಹೇರಿಕೊಂಡು ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಿಸಬೇಕು. ಇಷ್ಟೇ ಆಟ.

ಈ ಆಟವನ್ನು ಕಂಪ್ಯೂಟರಿಗೆ ಹಾಕಿಕೊಂಡವನು ನಾನೇ. ಸುತ್ತಲಿನ ಹಳ್ಳಿಗಳ ಮದುವೆಗಳಿಗೆ ವಿಡಿಯೊ ತೆಗೆಯುವುದು ನನ್ನ ಕಸಬು. ಅದಕ್ಕೆಂದು ಗಟ್ಟಿಮುಟ್ಟಾದ ಯಂತ್ರವನ್ನೇ ಇಟ್ಟಿದ್ದೇನೆ. ದಿನವಿಡೀ ಅಕ್ಷತೆ ಹಾರುವುದನ್ನೂ ಬೀಗರು ಮುಖ ಗಂಟಿಕ್ಕಿಕೊಂಡು ಉಣ್ಣುವುದನ್ನೂ ಕತ್ತರಿಸಿ ಜೋಡಿಸಿದ ಮೇಲೆ ತಲೆ ಹಗುರಾಗಲಿ ಎಂದು ಲಾರಿ ಹತ್ತಿದೆ. ಹತ್ತಿದಷ್ಟೇ ಬೇಗ ಗಟಾರಕ್ಕೆ ಇಳಿದೆ. ಗಿರಿಜಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ಕೆಲವು ದಿನ ಸಹಿಸಿದಳು. ಆಮೇಲೆ ಒಂದು ದಿನ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು, "ಇಳೀರಿ ಕೆಳಗ, ಆ ಲಾರಿಗರೆ ಜೀವ ಇಲ್ಲೇನು?" ಎಂದಳು. ಇಳಿದವನು ಮತ್ತೆ ಹತ್ತಲಿಲ್ಲ.

ಒಬ್ಬಳೇ ಓಡಿಸಲು ಬೇಸರವೆಂದು ಅವಳು ಮೆಹಬೂಬಿಯನ್ನು ಜೊತೆಗೆ ಸೇರಿಸಿಕೊಂಡಳು. ಮೆಹಬೂಬಿ ನಮ್ಮ ಓಣಿಯ ದರ್ಜಿ. ಅವಳ ಮನೆ ಮತ್ತು ನಮ್ಮ ಮನೆಯ ನಡುವೆ ಇರುವುದು ಒಂದು ಬೇವಿನ ಮರ. ಅವಳ ಅತ್ತೆಯ ಕಾಲದಿಂದಲೂ ಊರಿನ ಮದುಮಗಳ ಮೊದಲ ಜಂಪರಿಗೆ ಕತ್ತರಿ ಬೀಳುವುದು ಆ ಮನೆಯಲ್ಲೇ. ಅವರ ಕೈಗುಣ ಒಳ್ಳೆಯದು, ಅವರು ಕತ್ತರಿಸಿದ್ದನ್ನು ತೊಟ್ಟು ಹೋದ ಹುಡುಗಿ ಸುಖವಾಗಿರುತ್ತಾಳೆ ಎಂಬ ನಂಬಿಕೆ. ನಿಂಗವ್ವನ ಮಗಳಿರಲಿ, ನಜೀಮಾಳ ಮಗಳಿರಲಿ, ಅರಿಶಿನಕ್ಕಿಂತ ಮೊದಲು ಬಟ್ಟೆ ಅಲ್ಲಿಗೆ ಹೋಗಬೇಕು.

ಮಧ್ಯಾಹ್ನದ ನಮಾಜು ಮುಗಿಸಿ ಮೆಹಬೂಬಿ ಬರುತ್ತಿದ್ದಳು. ಅತಿಥಿ ಎಂಬ ಗೌರವದಿಂದ ಮೊದಲ ಪಾಳಿ ಅವಳದು. "ಬಿಸ್ಮಿಲ್ಲಾ" ಎಂದು ಲಾರಿ ಎಬ್ಬಿಸಿದರೆ ತಿರುವು ತಿರುವಿಗೂ ಹಾರ್ನು. ಆ ದೇಶದಲ್ಲಿ ಯಾರೂ ಹಾರ್ನು ಬಾರಿಸುವುದಿಲ್ಲ ಎಂದು ನಾನು ಹೇಳಿದೆ. "ಅದಕ್ಕ ರಸ್ತಿ ಅಷ್ಟ ಭಣಭಣ ಅನ್ನಾಕತ್ತೇತ್ರಿ" ಎಂದಳು. ಬಿಸಿಲಿಳಿದ ಮೇಲೆ ಗಿರಿಜೆಯ ಪಾಳಿ. ಆಯುಧಪೂಜೆಯ ದಿನ ಮೌಸಿಗೂ ಕೀಲಿಮಣೆಗೂ ಕುಂಕುಮ ಬಿದ್ದಿತ್ತು. ಪೂಜೆಯ ಪ್ರಸಾದ ತಿಂದವರಲ್ಲಿ ಮೊದಲಿಗಳು ಮೆಹಬೂಬಿ.

ಯುಗಾದಿ ಕಳೆದು ಸೆಕೆ ಏರಿದಾಗ ತಾಪತ್ರಯ ಶುರುವಾಯಿತು. ಲಾರಿ ಘಟ್ಟ ಏರುತ್ತಿರುವಾಗ ಕಂಪ್ಯೂಟರು ಗಿರಣಿಯಂತೆ ಗುಂಯ್‌ಗುಟ್ಟಿ, ದಡಕ್ಕನೆ ಕಣ್ಣು ಮುಚ್ಚಿಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಏಳುತ್ತಿತ್ತು. ನಾನು ಮೊದಲು ಕರೆಂಟನ್ನು ಬೈದೆ. ಹಳ್ಳಿಯಲ್ಲಿ ಯಾವುದು ಕೆಟ್ಟರೂ ಮೊದಲು ಕರೆಂಟನ್ನು ಬೈಯುವುದು ಪದ್ಧತಿ. ಕರೆಂಟು ನೆಟ್ಟಗಿದ್ದಾಗಲೂ ಯಂತ್ರ ಮಲಗಿತು. ಪೆಟ್ಟಿಗೆಯ ಮಗ್ಗುಲಿನ ಬಾಗಿಲು ಬಿಚ್ಚಿ ಟೇಬಲ್ ಫ್ಯಾನು ಹಚ್ಚಿದೆ. ಗಾಳಿಯ ಜೊತೆ ಅಂಗಳದ ಎರೆಮಣ್ಣಿನ ಧೂಳೂ ಒಳಗೆ ಹೋಯಿತು. ಬಾಗಿಲು ಮುಚ್ಚಿದೆ.

ಎದುರು ಮನೆಯ ದೊಡ್ಡವ್ವ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವಳ ಹಾಗೆ ಕಣ್ಣು ಮುಚ್ಚಿ, "ಉಷ್ಣ ಆಗೇತಿ ತಮ್ಮಾ, ನೆತ್ತಿಗೆ ಔಡಲೆಣ್ಣಿ ಹಚ್ಚು" ಎಂದಳು. ನಮ್ಮ ಕಡೆ ಉಷ್ಣ ಎನ್ನುವುದು ಒಂದು ರೋಗವಲ್ಲ, ಒಂದು ದರ್ಶನ. ಕಣ್ಣು ಉರಿದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಅಳಿಯ ಸಿಡಿಮಿಡಿಗೊಂಡರೂ ಉಷ್ಣವೇ. ಮಜ್ಜಿಗೆ, ಕಾಮಕಸ್ತೂರಿ ಬೀಜ, ಔಡಲೆಣ್ಣೆ ಈ ಮೂರರಲ್ಲಿ ಒಂದಕ್ಕೂ ಬಗ್ಗದ ಉಷ್ಣವನ್ನು ದೊಡ್ಡವ್ವ ತನ್ನ ಆಯುಷ್ಯದಲ್ಲಿ ಕಂಡಿಲ್ಲ. ಕಂಪ್ಯೂಟರಿಗೆ ಮಜ್ಜಿಗೆ ಹೊಯ್ಯಲಾಗದು ಎಂದು ತಿಳಿಸಿ ಹೇಳುವಷ್ಟರಲ್ಲಿ ನನ್ನ ತಲೆಯೇ ಕಾದಿತ್ತು.

ಹೀಗಿರುವಾಗ ಗಿರಿಜೆಗೆ ಒಂದು ಸಂಗತಿ ಹೊಳೆಯಿತು. ಯಂತ್ರ ನಿಲ್ಲುವುದು ಯಾವಾಗಲೂ ಮೆಹಬೂಬಿಯ ಪಾಳಿಯಲ್ಲೇ. ಮುಂಜಾನೆ ತಾನೊಬ್ಬಳೇ ಓಡಿಸಿದರೆ ನಿಲ್ಲದು, ಸಂಜೆ ತನ್ನ ಪಾಳಿಯಲ್ಲೂ ನಿಲ್ಲದು. ಹೊಳೆದದ್ದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಒಂದು ಮಧ್ಯಾಹ್ನ ಕಲ್ಲವ್ವ ಎಂಬ ಹೆಂಗಸು ಮಗಳ ಮದುವೆಗೆ ನನ್ನನ್ನು ಗೊತ್ತುಮಾಡಲು ಬಂದು ಪಡಸಾಲೆಯಲ್ಲಿ ಕುಳಿತಿದ್ದಳು. ಅತ್ತ ಮೆಹಬೂಬಿಯ ಲಾರಿ ಸೇತುವೆಯ ನಡುವೆ ಕತ್ತಲಾಯಿತು. ಗಿರಿಜಾ ನಗುತ್ತ ಅಂದುಬಿಟ್ಟಳು:

"ಏನ್ ಬೇ ಮೆಹಬೂಬಿ, ನಿನ್ನ ಕೈಗುಣನ ಸರಿ ಇಲ್ಲ ನೋಡು. ನೀ ಮುಟ್ಟಿದ್ರ ಸಾಕು, ಕಣ್ಣ ಮುಚ್ಚತೈತಿ."

ನಾನೂ ನಕ್ಕೆ. ಕಲ್ಲವ್ವ ನಗಲಿಲ್ಲ. ಮೆಹಬೂಬಿ ಕಪ್ಪು ಪರದೆಯನ್ನು ಒಂದು ಗಳಿಗೆ ನೋಡಿ, ಮೌಸನ್ನು ಮೆತ್ತಗೆ ಮೇಜಿನ ಅಂಚಿಗೆ ಸರಿಸಿ ಎದ್ದಳು. "ಹಂಗಿದ್ರ ನಾ ಮುಟ್ಟೂದಿಲ್ಲ ಬಿಡ್ರಿ" ಎಂದಳು. ಗಿರಿಜೆಯ ನಗು ಅಲ್ಲೇ ನಿಂತಿತು. ಹೊರಗಿನವರಿಗೆ 'ರಿ' ಎಂದರೆ ಮರ್ಯಾದೆ. ಇಷ್ಟು ವರ್ಷ ಗಿರಿಜೆಗೆ ಸಲಿಗೆಯಿಂದ 'ಬೇ' ಎನ್ನುತ್ತಿದ್ದವಳು ಒಮ್ಮೆಲೇ 'ರಿ' ಎಂದರೆ, ನಮ್ಮ ಕಡೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆ ವಾರದೊಳಗೆ ಇನ್ನೊಂದು ಸುದ್ದಿ ಬಂತು. ಕಲ್ಲವ್ವ ಮಗಳ ಜಂಪರಿನ ಬಟ್ಟೆಯನ್ನು ಕುಂದಗೋಳದ ದರ್ಜಿಗೆ ಕೊಟ್ಟಳಂತೆ. ಯಾಕವ್ವಾ ಎಂದು ಕೇಳಿದವರಿಗೆ, "ಮದುವಿ ಅರಿವಿ ನೋಡ್ರಿ, ಸುಮ್ನ ಸಂಶೆ ಯಾಕ" ಎಂದಳಂತೆ. ಕೇಳಿ ಗಿರಿಜಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾ ಚಾಷ್ಟಿಗಿ ಅಂದ್ನಿರಿ" ಎಂದಳು. ಚೇಷ್ಟೆಗೆ ಅಂದದ್ದು ನನಗೆ ಗೊತ್ತು, ಮೆಹಬೂಬಿಗೂ ಗೊತ್ತಿರಬೇಕು. ಆದರೆ ಮಾತು ಮನೆಯ ಹೊಸ್ತಿಲು ದಾಟುವಾಗ ನಗುವನ್ನು ಒಳಗೇ ಬಿಟ್ಟು ಹೋಗಿತ್ತು.

ಇದರ ಮೇಲೆ ಯಂತ್ರವೂ ಸಾಕ್ಷಿ ನುಡಿಯತೊಡಗಿತು. ಮೆಹಬೂಬಿ ಬರುವುದು ನಿಂತ ಮೇಲೆ ಅದು ಒಮ್ಮೆಯೂ ಮಲಗಲಿಲ್ಲ. ದೊಡ್ಡವ್ವ ಬಂದು, "ನೋಡಿದೇನು?" ಎಂಬಂತೆ ಹುಬ್ಬೇರಿಸಿ ಹೋದಳು. ನನಗೂ ಒಂದು ಗಳಿಗೆ, ಒಂದೇ ಗಳಿಗೆ, ಮೈ ಜುಮ್ಮೆಂದಿತು. ನಂಬಿಕೆಗೆ ಬೀಳಲು ಬುದ್ಧಿ ಕಡಿಮೆಯಿರಬೇಕೆಂದಿಲ್ಲ, ಸೆಕೆ ಹೆಚ್ಚಿದ್ದರೆ ಸಾಕು.

ಆಮೇಲೆ ಕುಳಿತು ಯೋಚಿಸಿದೆ. ಸೆಕೆ ಏರಿದ ಮೇಲೆ ನನ್ನ ವಿಡಿಯೊ ಕೆಲಸ ರಾತ್ರಿಗೆ ಸರಿದಿತ್ತು. ಗಿರಿಜಾ ಈಗ ಮಧ್ಯಾಹ್ನ ಕಂಪ್ಯೂಟರನ್ನು ಮುಟ್ಟುತ್ತಲೇ ಇರಲಿಲ್ಲ. ಜೊತೆಗಾರ್ತಿ ಇಲ್ಲದೆ ಅವಳಿಗೆ ಆ ಹೊತ್ತು ಆಟ ಬೇಡವಾಗಿತ್ತು. ಮುಂಜಾನೆ ಒಂದಿಷ್ಟು ಓಡಿಸಿ ಎದ್ದುಬಿಡುತ್ತಿದ್ದಳು. ಹಾಗಾದರೆ ಮಧ್ಯಾಹ್ನ ಬೇರೊಬ್ಬರ ಕೈಯಲ್ಲಿ ಯಂತ್ರ ಏನು ಮಾಡುತ್ತದೆ? ಬೇರೊಬ್ಬರು ಎಂದರೆ ಮನೆಯಲ್ಲಿ ನಾನೇ. ಮೆಹಬೂಬಿ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಕುರ್ಚಿಯಲ್ಲಿ ಕುಳಿತು, ಬಹಳ ದಿನಗಳ ಮೇಲೆ ಲಾರಿ ಎಬ್ಬಿಸಿದೆ. ಬೇಲಿ ಮುರಿದೆ, ಕಂಬಕ್ಕೆ ಗುದ್ದಿದೆ, ಪೆಟ್ರೋಲ್ ಬಂಕಿನೊಳಗೆ ಹಿಮ್ಮುಖವಾಗಿ ನುಗ್ಗಿದೆ. ಗಿರಿಜಾ ಬಾಗಿಲಲ್ಲಿ ನಿಂತು ಹಲ್ಲು ಕಚ್ಚಿ ನೋಡುತ್ತಿದ್ದಳು. ಘಟ್ಟದ ಬುಡ ಮುಟ್ಟುವ ಹೊತ್ತಿಗೆ ಗುಂಯ್‌ಗುಡುವ ಸದ್ದು ಏರಿತು, ಪರದೆ ದಡಕ್ಕನೆ ಕಪ್ಪಾಯಿತು. ಜೀವಮಾನದಲ್ಲಿ ಯಂತ್ರ ಕೆಟ್ಟದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದಿಲ್ಲ.

"ನನ್ನ ಕೈಯಾಗೂ ಬಂದ್ ಆತು!" ಎಂದು ಕೂಗಿದೆ.

"ನಿಮ್ಮ ಕೈಗುಣದ ಮಾತು ಬ್ಯಾರೆ ಬಿಡ್ರಿ" ಎಂದಳು ಗಿರಿಜಾ. ಆದರೂ ಹತ್ತಿರ ಬಂದಳು. ಪೆಟ್ಟಿಗೆಯ ಮೇಲೆ ಕೈ ಇಟ್ಟು ಸರಕ್ಕನೆ ತೆಗೆದಳು. ಪಡುವಣ ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ನೇರವಾಗಿ ಬಂದು ಪೆಟ್ಟಿಗೆಯ ಮೈಮೇಲೆಯೇ ಮಲಗಿತ್ತು. ಸಂಜೆಗೆ ಸೂರ್ಯ ಬೇವಿನ ಮರದ ಹಿಂದೆ ಸರಿದಾಗ ಆ ಪಟ್ಟಿ ಹೋಗುತ್ತಿತ್ತು. ಮೆಹಬೂಬಿ ಬರುವುದೂ ಬಿಸಿಲು ಬರುವುದೂ ಒಂದೇ ಹೊತ್ತು, ಗಿರಿಜೆಯ ಪಾಳಿಯೂ ನೆರಳೂ ಒಂದೇ ಹೊತ್ತು.

ವೈರು ಕಿತ್ತು ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಪೂರ್ತಿ ಬಿಚ್ಚಿದೆವು. ಹಿಂದೆ ಬಾಗಿಲು ತೆಗೆದಾಗ ಒಳಗಿನ ಪುಟ್ಟ ಫ್ಯಾನಿನ ಮೇಲ್ಮೈಯನ್ನಷ್ಟೇ ನೋಡಿದ್ದೆ. ಈಗ ಫ್ಯಾನು ಕಳಚಿದರೆ, ಅದರ ಕೆಳಗಿನ ಲೋಹದ ಪದರುಗಳ ಮೇಲೆ ಬೂದುಬಣ್ಣದ ದಪ್ಪ ಹೊದಿಕೆ. ಸುಗ್ಗಿಯಲ್ಲಿ ಪಡಸಾಲೆಯ ತುಂಬ ಹತ್ತಿ ಒಟ್ಟಿದ್ದೆವು. ಅದರ ನವಿರು ಎಳೆಗಳು ಗಾಳಿಯೊಡನೆ ಒಳಗೆ ಸೇರಿ, ಎರೆಮಣ್ಣಿನ ಧೂಳನ್ನು ಅಪ್ಪಿಕೊಂಡು ಒಂದು ಅಚ್ಚುಕಟ್ಟಾದ ಕೌದಿಯಾಗಿದ್ದವು. ಬೇಸಿಗೆಯ ಮಧ್ಯಾಹ್ನ, ಬಿಸಿಲಲ್ಲಿ ಕೂಡಿಸಿ, ಕೌದಿ ಹೊದಿಸಿ, ಘಟ್ಟ ಹತ್ತು ಎಂದರೆ ಯಾರು ತಾನೇ ಹತ್ತುತ್ತಾರೆ? ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ರಶ್ಶಿನಿಂದ ಉಜ್ಜಿದೆ. ಗಿರಿಜಾ ಸೈಕಲ್ ಪಂಪಿನಿಂದ ಗಾಳಿ ಹೊಡೆದಳು. ಹುಬ್ಬಳ್ಳಿಯ ಅಂಗಡಿಯವನನ್ನು ಫೋನಿನಲ್ಲಿ ಕೇಳಿದಾಗ, ಪ್ರೊಸೆಸರಿನ ತಲೆಯ ಮೇಲಿನ ಲೇಪ ಒಣಗಿರುತ್ತದೆ, ಒರೆಸಿ ಹೊಸದು ಹಚ್ಚಿ ಎಂದ. ಮರುದಿನ ಬಸ್ಸಿಗೆ ಹೋಗಿ ತಂದು ಹಚ್ಚಿದೆ. ನೋಡುತ್ತಿದ್ದ ದೊಡ್ಡವ್ವ, "ನೆತ್ತಿಗೆ ಹಚ್ಚು ಅಂತ ನಾ ಅವತ್ತ ಹೇಳಿದ್ದಿಲ್ಲೇನು?" ಎಂದಳು.

ಪೆಟ್ಟಿಗೆಯನ್ನು ಕಿಟಕಿಯಿಂದ ದೂರ, ಒಳಗೋಡೆಯ ಬದಿಗೆ ಇಟ್ಟೆವು. ಯಂತ್ರದ ರಿಪೇರಿ ಮುಗಿಯಿತು. ಇನ್ನೊಂದು ರಿಪೇರಿ ಉಳಿದಿತ್ತು.

"ಹೋಗಿ ತಪ್ಪಾತು ಅಂತ ಅಂದು ಬಾ" ಎಂದೆ. 'ತಪ್ಪಾತು' ನಮ್ಮ ಕಡೆಯ ಅದ್ಭುತ ಮಾತು. ಅದರಲ್ಲಿ ತಪ್ಪು ಮಾಡಿದವರು ಯಾರೂ ಇಲ್ಲ. ಮಳೆಯಾಯಿತು, ಸಂಜೆಯಾಯಿತು ಎಂಬಂತೆ ತಪ್ಪೂ ತನ್ನಷ್ಟಕ್ಕೆ ತಾನೇ ಆಗಿಬಿಡುತ್ತದೆ. ಹೇಳುವುದು ಎಷ್ಟು ಸುಲಭ! ಗಿರಿಜಾ ಒಪ್ಪದೆ, "ಮಾತು ನಾಕ ಮಂದಿ ಮುಂದ ಆಡೀನಿ. ಒಬ್ಬಾಕಿ ಮುಂದ ತಪ್ಪಾತು ಅಂದ್ರ ಏನ್ ಬಂತ್ರಿ?" ಎಂದಳು.

ಸಂತೆಯ ದಿನ ಬೆಳಿಗ್ಗೆ ಮೆಹಬೂಬಿಯ ಕಟ್ಟೆಯ ಮೇಲೆ ಹೆಂಗಸರು ತುಂಬಿರುತ್ತಾರೆ. ಸಂತೆಗೆ ಹೊರಟವರು ಹೊಲಿದದ್ದನ್ನು ಒಯ್ಯಲು ಬರುವ ಹೊತ್ತದು. ಗಿರಿಜಾ ಅದೇ ಹೊತ್ತು ನೋಡಿ ಟ್ರಂಕಿನಿಂದ ಇಳಕಲ್ಲ ಸೀರೆಗೆ ಒಪ್ಪುವ ಖಣವೊಂದನ್ನು ತೆಗೆದಳು. ಅವಳ ತಂಗಿಯ ಮಗಳಿಗೆ ಗಂಡು ಗೊತ್ತಾಗಿತ್ತು. ಮದುಮಗಳ ಜಂಪರಿಗೆಂದು ತಂಗಿ ಕಳಿಸಿದ್ದ ಖಣ ಅದು. ನಾನು ಬೇವಿನ ಮರದ ಕೆಳಗೆ, ಮೊಬೈಲಿಗೆ ಸಿಗ್ನಲ್ ಹುಡುಕುವವನಂತೆ ನಿಂತೆ. ಕಲ್ಲವ್ವನೂ ಕಟ್ಟೆಯ ಮೇಲಿದ್ದಳು.

ಗಿರಿಜಾ ಖಣವನ್ನು ಹೊಲಿಗೆಯಂತ್ರದ ಮೇಲೆ ಇಟ್ಟಳು. ಧ್ವನಿ ಓಣಿಗೆಲ್ಲ ಕೇಳುವಂತಿತ್ತು. "ನಮ್ಮ ತಂಗಿ ಮಗಳ ಮದುವಿದು. ಮೊದಲನೇ ಕತ್ತರಿ ನೀನ ಹಾಕಬೇಕು. ಕಂಪೂಟರ್‌ನ ಹೊಟ್ಟಿ ತುಂಬ ನಮ್ಮ ಮನಿ ಹತ್ತಿ ತುಂಬಿತ್ತು. ನಮ್ಮ ಕಸ ನಾ ಹೊಡೀಲಾರದ ನಿನ್ನ ಕೈಗೆ ಹೆಸರಿಟ್ಟೆ. ತಪ್ಪು ಮಾಡೀನಿ."

'ತಪ್ಪಾತು' ಅನ್ನಲಿಲ್ಲ. 'ಮಾಡೀನಿ' ಎಂದಳು. ಮೆಹಬೂಬಿ ಖಣವನ್ನು ಬಿಡಿಸಿ, ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ತೀಡಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕತ್ತರಿ ಎತ್ತಿಕೊಳ್ಳುತ್ತ, "ಅಳತಿ ಜಂಪರ ಎಲ್ಲೈತಿ ಬೇ? ಅಳತಿ ಇಲ್ಲದ ಏನ್ ನಿನ್ನ ತೆಲಿ ಕತ್ತರಿಸ್ಲೇನು?" ಎಂದಳು.

ಹೆಂಗಸರು ಗೊಳ್ಳೆಂದು ನಕ್ಕರು. ಕಲ್ಲವ್ವ ಎಲ್ಲರಿಗಿಂತ ಸ್ವಲ್ಪ ತಡವಾಗಿ ನಕ್ಕಳು. ನಾಲ್ಕು ದಿನ ಬಿಟ್ಟು, ಕುಂದಗೋಳದವನು ತೋಳು ಬಿಗಿ ಮಾಡಿದ್ದಾನೆ ಎಂಬ ನೆಪ ಹೇಳಿಕೊಂಡು ಮಗಳ ಜಂಪರನ್ನು ಮೆಹಬೂಬಿಯ ಬಳಿ ಬಿಚ್ಚಿಸಿ ಹೊಲಿಸಿದಳು. ಆ ತೋಳು ನಿಜವಾಗಿ ಬಿಗಿಯಾಗಿತ್ತೋ ಇಲ್ಲವೋ ಎಂದು ಮೆಹಬೂಬಿ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಸಂತೆಯ ದಿನವೇ ಮಧ್ಯಾಹ್ನ ನಮಾಜು ಮುಗಿಸಿ ಅವಳು ಬಂದಳು. ಹೊಸ ಜಾಗದಲ್ಲಿದ್ದ ಪೆಟ್ಟಿಗೆಯನ್ನು ಒಮ್ಮೆ ಮುಟ್ಟಿ ನೋಡಿ ಕುರ್ಚಿಯಲ್ಲಿ ಕುಳಿತಳು. ಲಾರಿ ಸೇತುವೆ ದಾಟಿತು, ಘಟ್ಟ ಹತ್ತಿತು, ಹಾರ್ನು ಬಾರಿಸುತ್ತ ಆಚೆ ಇಳಿಯಿತು. ಯಂತ್ರ ಮೆಲ್ಲಗೆ ಉಸಿರಾಡುತ್ತಿತ್ತು. ಗಿರಿಜಾ ಪಕ್ಕದಲ್ಲಿ ಮಂಡಕ್ಕಿಯ ತಾಟು ಹಿಡಿದು, ಎಡಕ್ಕೆ ಬಲಕ್ಕೆ ಎಂದು ದಾರಿ ಹೇಳುತ್ತಿದ್ದಳು. ಸರಕು ಮುಟ್ಟಿತು. ಪಾಳಿ ಬದಲಾಯಿತು.

ಗಿರಿಜಾ ಕುಳಿತಳು. ಬಹಳ ದಿನಗಳ ಮೇಲೆ ಜೊತೆ ಸಿಕ್ಕ ಹುರುಪೋ ಏನೋ, ಊರು ದಾಟುತ್ತಲೇ ವೇಗ ಏರಿಸಿದಳು. ಮಾತಾಡುತ್ತ ಮೆಹಬೂಬಿಯ ಕಡೆ ತಿರುಗಿದಳು. ಅಷ್ಟರಲ್ಲಿ ಲಾರಿ ಗಾಜಿನ ಹಾಳೆಗಳ ಸಮೇತ ಹೊಲದಲ್ಲಿ ಅಡ್ಡಬಿತ್ತು. ಕೈಗುಣದ ಮಾತು ಎಷ್ಟು ಹತ್ತಿರದಲ್ಲಿತ್ತೆಂದರೆ, ನನ್ನ ತುಟಿಯ ಮೇಲೆಯೇ ಬಂದು ಕುಳಿತಿತ್ತು. ನಾನು ಮಂಡಕ್ಕಿಯನ್ನು ಬಾಯಿಗೆ ತುಂಬಿಕೊಂಡೆ.

ಮೆಹಬೂಬಿ ಅಡ್ಡಬಿದ್ದ ಲಾರಿಯನ್ನು ನೋಡಿದಳು, ಗಿರಿಜೆಯನ್ನು ನೋಡಿದಳು.

"ರಸ್ತಿ ಸರಿ ಇಲ್ಲ ಬಿಡ ಬೇ" ಎಂದಳು.

ಆ ದೇಶದ ರಸ್ತೆಯಲ್ಲಿ ಒಂದು ತಗ್ಗೂ ಇಲ್ಲವೆಂಬುದು ನಮ್ಮ ಮೂವರಿಗೂ ಗೊತ್ತಿತ್ತು.