ಬೀಡಿ ಶೆಡ್ಡಿನ ಮುಯ್ಯಿ

ಮೂಡಿಗೆರೆಯಲ್ಲಿ ಬೀಡಿ ಕಟ್ಟುತ್ತಿದ್ದೆ ಎಂದರೆ ಈಗಿನವರು ನಂಬುವುದಿಲ್ಲ. ಕಾಫಿ ಸೀಮೆಯಲ್ಲಿ ಬೀಡಿ ಎಲ್ಲಿತ್ತು ಎನ್ನುತ್ತಾರೆ. ತೋಟದ ಆಳುಗಳು, ಲಾರಿಯವರು, ಲೈನ್ ಮನೆಗಳ ಮುದುಕರು ಸೇದುತ್ತಿದ್ದದ್ದು ಬೀಡಿಯನ್ನೇ. ಅದನ್ನು ಯಾರಾದರೂ ಕಟ್ಟಬೇಕಿತ್ತಲ್ಲ. ಪೇಟೆಯ ಹಿಂಬದಿಯ ಹಳೆಯ ಕಾಫಿ ಗೋಡೌನಿನಲ್ಲಿ ಆ ಶೆಡ್ಡು ಇತ್ತು. ತೊಂಬತ್ತರ ದಶಕದ ನಡುವಿನಲ್ಲಿ ನಾನೂ ನನ್ನ ತಂಗಿಯೂ ಅಲ್ಲಿಗೆ ಸೇರಿದೆವು.

ನಮ್ಮದು ಅಂಗಡಿ ಇಟ್ಟಿದ್ದ ಮನೆತನ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ದಾಯಾದಿಗಳ ಪಾಲಾಯಿತು. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಂಗಿ ಇನ್ನೆರಡು ಕ್ಲಾಸು ಹೆಚ್ಚು ಓದಿದಳು. ಲಿಂಗಪೂಜೆ ಮಾಡುವ ಕೈಯಲ್ಲಿ ಹೊಗೆಸೊಪ್ಪು ಮುಟ್ಟುವುದೇ ಎಂದು ಅಮ್ಮ ಮೊದಮೊದಲು ಗೊಣಗಿದಳು. ಆಮೇಲೆ ನಾವು ಬರುವ ಹೊತ್ತಿಗೆ ಬಚ್ಚಲಲ್ಲಿ ಬಿಸಿನೀರು ತೋಡಿಡುವುದನ್ನು ಕಲಿತಳು.

ಹಿಂದಿನ ದಿನ ನೆನೆಸಿ ಗೋಣಿಯಲ್ಲಿ ಸುತ್ತಿಟ್ಟಿದ್ದ ಬೀಡಿ ಎಲೆಯನ್ನು ಬೆಳಿಗ್ಗೆ ತೂಗಿ ಕೊಡುತ್ತಿದ್ದರು. ತಗಡಿನ ಅಳತೆಯಿಟ್ಟು ಎಲೆ ಕತ್ತರಿಸಬೇಕು. ನರ ದಪ್ಪಗಿದ್ದರೆ ಕೆರೆದು ತೆಗೆಯಬೇಕು. ಆಮೇಲೆ ಗೆರಸಿಯನ್ನು, ಅಂದರೆ ಬಿದಿರಿನ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ಸುತ್ತಲು ಶುರು. ಚಿಟಿಕೆ ಪುಡಿ, ಒಂದು ಸುತ್ತು, ಬಾಯಿ ಮಡಚು, ತುದಿಗೆ ನೂಲು. ಇಪ್ಪತ್ತೈದಾದರೆ ಒಂದು ಕಟ್ಟು. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಿದ್ದೆವು. ಹೊಗೆಸೊಪ್ಪಿನ ಘಾಟು ಬುತ್ತಿಯ ಅನ್ನಕ್ಕೂ ಹತ್ತುತ್ತಿತ್ತು. ಮಳೆಗಾಲದಲ್ಲಿ ಎಲೆಗೆ ಬೂಷ್ಟು ಹಿಡಿಯುತ್ತಿತ್ತು. ಕಟ್ಟಿದ ಬೀಡಿಯನ್ನು ಕೆಂಡದ ಒಲೆಯ ಮೇಲೆ ಒಣಗಿಸುವಾಗ ಇಡೀ ಸಾಲು ಕೆಮ್ಮುತ್ತಿತ್ತು. ಅಂಥದ್ದರಲ್ಲೂ ನಗು ಇಲ್ಲದಿರಲಿಲ್ಲ. ಜಾವಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹೆಂಗಸೊಬ್ಬಳಿದ್ದಳು, ಸಾಲಿಗೆಲ್ಲ ಹಿರಿಯಳು. ಅವಳ ಗಂಡ ದಿನಕ್ಕೆ ಒಂದು ಕಟ್ಟು ಸೇದುವವನು. "ನಾನು ಕಟ್ಟಾದು, ಅವ್ರು ಸುಡಾದು. ದೇವ್ರು ಜೋಡಿ ಮಾಡ್ವಾಗ ಲೆಕ್ಕ ಹಾಕೇ ಮಾಡಿದಾನೆ ಮಾರಾಯ್ತಿ" ಎನ್ನುತ್ತಿದ್ದಳು.

ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದು ನಮ್ಮ ಕಡೆಯ ರೂಢಿ. ಇವತ್ತು ನನ್ನ ಗದ್ದೆಗೆ ನೀನು ಬಾ, ನಾಳೆ ನಿನ್ನ ಗದ್ದೆಗೆ ನಾನು. ಶೆಡ್ಡಿನ ಹೆಂಗಸರು ಅದನ್ನೇ ಬೀಡಿಗೂ ತಂದಿದ್ದರು. ಯಾರಿಗಾದರೂ ಜ್ವರ ಬಂದರೆ, ಬಸುರಿಗೆ ಕೂರಲಾಗದಿದ್ದರೆ, ಅವಳ ಎಲೆಯನ್ನು ಸಾಲಿನವರು ಹಂಚಿಕೊಂಡು ಸುತ್ತಿ ಅವಳ ಗೆರಸಿಗೆ ಸೇರಿಸುತ್ತಿದ್ದರು. ಅದಕ್ಕೂ ಮುಯ್ಯಿ ಎಂದೇ ಹೆಸರು. ಮಾಲೀಕರ ಕಟ್ಟಳೆಯ ಪ್ರಕಾರ ಎಲೆ ತೆಗೆದುಕೊಂಡವಳೇ ಬೀಡಿ ಸುತ್ತಬೇಕು, ಕೈಯಲ್ಲಾಗದವಳು ಜಾಗ ಬಿಡಬೇಕು. ಕಟ್ಟು ಪರೀಕ್ಷೆ ಮಾಡುತ್ತಿದ್ದ ಮುದುಕ ಚೆಕ್ಕರ್‌ಗೆ ಎಲ್ಲ ಗೊತ್ತಿತ್ತು. ಮುಯ್ಯಿಯ ಕಟ್ಟು ಬಂದರೆ ಅವರು ಕಿಟಕಿಯ ಕಡೆ ನೋಡುತ್ತ ಕಟ್ಟನ್ನು ಆಚೆಗೆ, ಪಾಸಾದ ರಾಶಿಗೆ ಸರಿಸುತ್ತಿದ್ದರು. ಸೇರಿದ ವರ್ಷವೇ ನನಗೆ ಟೈಫಾಯ್ಡ್ ಬಂದು ಎದ್ದಾಗ ನನ್ನ ಜಾಗ ಉಳಿದದ್ದು ಹಾಗೆ.

ಆ ಮುದುಕರಿಗೆ ಕಣ್ಣು ಮಂಜಾದಾಗ ಮಾಲೀಕರು ನನ್ನನ್ನು ಚೆಕ್ಕರ್ ಸ್ಟೂಲಿನ ಮೇಲೆ ಕೂರಿಸಿದರು. ಹೆಂಗಸೊಬ್ಬಳು ಚೆಕ್ಕರ್ ಆದದ್ದು ಅಲ್ಲಿ ಅದೇ ಮೊದಲು. ನಾನು ಹಿಗ್ಗಿದೆ. ಕಟ್ಟನ್ನು ಅಂಗೈಯಲ್ಲಿ ಉರುಳಿಸಿದರೆ ಸಡಿಲವೋ ಬಿಗಿಯೋ ತಿಳಿಯುತ್ತಿತ್ತು. ಕ್ರಮೇಣ ಅದು ಯಾರ ಕೈ ಎಂಬುದೂ ತಿಳಿಯತೊಡಗಿತು. ಜಾವಳಿಯವಳು ಬಾಯಿಯನ್ನು ಬಲಕ್ಕೆ ವಾಲಿಸಿ ಮಡಚುತ್ತಿದ್ದಳು. ಒಬ್ಬಳು ನೂಲನ್ನು ಬೇಕಾದ್ದಕ್ಕಿಂತ ಕೆಳಗೆ ಸುತ್ತುತ್ತಿದ್ದಳು. ನನ್ನ ತಂಗಿಯ ಬೀಡಿ ಅಚ್ಚಿನಲ್ಲಿ ಎರಕ ಹೊಯ್ದಂತೆ ಇರುತ್ತಿತ್ತು.

ಒಂದು ಮಳೆಗಾಲದಲ್ಲಿ ಆ ಬೀಡಿ ಕೆಡತೊಡಗಿತು. ಬಾಯಿ ಅರ್ಧ ಮಡಚಿದ್ದು, ಸುತ್ತು ಸಡಿಲ. ಅವಳ ಬಲಗೈಯ ಬೆರಳುಗಳು ಹಿಡಿತ ಕಳೆದುಕೊಳ್ಳುತ್ತಿವೆ ಎಂದು ಅವಳು ಯಾರಿಗೂ ಹೇಳುವ ಮೊದಲೇ ನನ್ನ ಬೆರಳಿಗೆ ತಿಳಿಯಿತು. ಮನೆಯಲ್ಲಿ ಅವಳು ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಳ್ಳುವುದನ್ನೂ ನೋಡಿದೆ. ನಾನು ಕೇಳಲಿಲ್ಲ. ಕೇಳಿದರೆ ಆಸ್ಪತ್ರೆ, ಆಸ್ಪತ್ರೆಯೆಂದರೆ ರಜೆ, ರಜೆಯೆಂದರೆ ಮಾಲೀಕರ ಮುಂದೆ ನಾನು ಹೋಗಿ ನಿಲ್ಲುವುದು. ಅವಳ ಕಟ್ಟುಗಳನ್ನು ಬಿಚ್ಚಿ ಕೆಟ್ಟವನ್ನು ತೆಗೆದು ಹಾಕುತ್ತ, "ಗಮನ ಎಲ್ಲಿಟ್ಟಿದೀಯ?" ಎಂದು ಎಲ್ಲರೆದುರು ಗದರುತ್ತಿದ್ದೆ.

ಹಾಗಿದ್ದೂ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಅಂದದ್ದು ಕಿವಿಗೆ ಬಿತ್ತು. "ನಮಗೆಂತ ಮಾರಾಯ್ತಿ, ನಮ್ಮಕ್ಕ ಏನು ಚೆಕ್ಕರ್ರಾ? ಅಕ್ಕ ತಂಗಿ ಸೇರಿ ಶೆಡ್ಡು ನಡೆಸ್ತಾರೆ." ಆ ಮಾತು ನನ್ನೊಳಗೆ ಮುಳ್ಳು ಮುರಿದಂತೆ ಉಳಿಯಿತು.

ಅದಾದ ಕೆಲವೇ ದಿನಕ್ಕೆ, ಬೀಡಿ ಎಳೆಯುವಾಗಲೇ ಆರಿಹೋಗುತ್ತದೆ ಎಂದು ಅಂಗಡಿಗಳಿಂದ ದೂರು ಬಂತು. ಮಾಲೀಕರು ಕುರ್ಚಿ ತರಿಸಿ ನನ್ನ ಪಕ್ಕದಲ್ಲಿ ಕೂತರು. ಹೆಂಗಸರು ಒಬ್ಬೊಬ್ಬರಾಗಿ ಗೆರಸಿ ತಂದಿಟ್ಟರು. ತಂಗಿಯ ಸರದಿ ಬಂತು. ಕಟ್ಟನ್ನು ಉರುಳಿಸಿದೆ. ಬಿಗಿಯಾಗಿತ್ತು, ಚೆನ್ನಾಗಿತ್ತು. ಬಾಯಿ ಬಲಕ್ಕೆ ವಾಲಿತ್ತು. ಮುಂದಿನ ಕಟ್ಟಿನಲ್ಲಿ ನೂಲು ಕೆಳಗಿತ್ತು. ಗೆರಸಿಯ ತುಂಬ ಸಾಲಿನವರ ಕೈಯೇ ಇತ್ತು. ನಾನು ಅವಳನ್ನು ಗದರುವುದನ್ನು ನೋಡಲಾರದೆ ಅವರು ಮುಯ್ಯಿ ಶುರು ಮಾಡಿದ್ದರು.

ಒಳ್ಳೆಯ ಬೀಡಿ. ಆಚೆ ಸರಿಸಿದ್ದರೆ ಮುಗಿದುಹೋಗುತ್ತಿತ್ತು. ಮಾಲೀಕರಿಗೆ ಕೈಯ ಗುರುತು ತಿಳಿಯುತ್ತಿರಲಿಲ್ಲ. ತಿಳಿಯುತ್ತಿದ್ದದ್ದು ನನಗೊಬ್ಬಳಿಗೇ. ಅದು ತಿಳಿಯುತ್ತದೆ ಎಂದು ತೋರಿಸಿಕೊಳ್ಳುವ ಆಸೆಯೂ, ತಂಗಿಯೆಂದು ಬಿಡುವವಳಲ್ಲ ಅನ್ನಿಸಿಕೊಳ್ಳುವ ಚಟವೂ ಒಟ್ಟಿಗೆ ನಾಲಗೆಗೆ ಬಂದವು.

"ಇದು ನಿನ್ನ ಕೈಯಲ್ಲ" ಎಂದೆ.

ಸಾಲಿನಲ್ಲಿ ಕತ್ತರಿಗಳು ನಿಂತವು. ಮಾಲೀಕರು ಕಟ್ಟನ್ನೂ ಅವಳನ್ನೂ ನೋಡಿದರು. ಅವರು ಸಿಟ್ಟಿನ ಮನುಷ್ಯರಲ್ಲ. "ಕೂತ್ಕೊ. ಎಲ್ಲಿ, ನನ್ನೆದ್ರು ಒಂದು ಸುತ್ತು ನೋಡಾಣ" ಎಂದರು. ಅವಳು ಎಲೆ ತೆಗೆದುಕೊಂಡಳು. ಪುಡಿ ಹಾಕಿದಳು. ಸುತ್ತುವಾಗ ಎಲೆ ಬೆರಳ ಸಂದಿಯಿಂದ ಜಾರಿ ಪುಡಿ ಮಡಿಲಿಗೆ ಚೆಲ್ಲಿತು. ಇನ್ನೊಂದು ತೆಗೆದುಕೊಂಡಳು, ಅದೂ ಹಾಗೇ ಆಯಿತು.

ಜಾವಳಿಯವಳು ಎದ್ದು ನಿಂತು, "ಮಳೆಗಾಲದ ಥಂಡಿ ಬುದ್ಧೀ, ಕೈ ಮರಗಟ್ಟಿದೆ. ಬಿಸ್ಲು ಬಿದ್ರೆ ಸರಿಯಾಗತ್ತೆ, ಅಲ್ಲೀವರೆಗೆ ನಾವು ನೋಡ್ಕೋತೀವಿ" ಎಂದಳು.

"ನೀವು ನೋಡ್ಕಳಕ್ಕೆ ಇದೇನು ನಿಮ್ಮ ಗದ್ದೇನಾ?" ಎಂದ ಮಾಲೀಕರು ನನ್ನ ಕಡೆ ತಿರುಗಿದರು. "ನೀನೇನಂತೀಯಮ್ಮ? ನಿನ್ನ ತಂಗಿ."

ಕೇಳಬೇಕಾದವರೇ ಕೇಳಿದ್ದರು. ನಾನು ಅವಳ ಕಟ್ಟನ್ನು ಗೆರಸಿಗೆ ವಾಪಸ್ಸು ಹಾಕಿದೆ. ತಂಗಿ ಎದ್ದು ಸೆರಗಿನ ಪುಡಿ ಕೊಡವಿಕೊಂಡು ಹೊರಗೆ ಹೋದಳು. ನಾನು ಮುಂದಿನವಳ ಗೆರಸಿಯನ್ನು ಎಳೆದುಕೊಂಡೆ.

ಮನೆಗೆ ಬಂದಾಗ ಅವಳು ಒಲೆಯ ಮುಂದೆ ಕೂತಿದ್ದಳು. ಎಂತ ಮಾಡಾದು, ಅವರು ಪಕ್ಕದಲ್ಲೇ ಕೂತಿದ್ರಲ್ಲ ಎಂದು ಶುರು ಮಾಡಿದೆ.

"ಬೇರೆಯವ್ರ ಕೈ ಅಂತ ಗೊತ್ತಾಯ್ತು ನಿಂಗೆ" ಎಂದಳು. "ನನ್ನ ಕೈ ಸೋತಿದ್ದೂ ಗೊತ್ತಾಗಿರ್ಬೇಕಲ್ಲ ಅಕ್ಕ."

"ಗೊತ್ತಿತ್ತು."

"ಯಾವಾಗಿಂದ?"

ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ.

ಚಿಕ್ಕಮಗಳೂರಿನ ಡಾಕ್ಟರಿಗೆ ತೋರಿಸಿದಾಗ, ನರ ಒತ್ತಿಹೋಗಿದೆ, ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದರು. ಬೆರಳಿಗೆ ಪೂರ್ತಿ ಬಲ ಮರಳಲಿಲ್ಲ. ಕಾಫಿ ಕೊಯ್ಲಿಗೆ ಹೋಗಿ ಎಡಗೈಯಲ್ಲಿ ಹಣ್ಣು ಬಿಡಿಸಿದಳು. ಅದೂ ಸಾಗದೆ ಒಬ್ಬರ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸ ಹಿಡಿದಳು.

ಶೆಡ್ಡಿನಲ್ಲಿ ಮುಯ್ಯಿ ನಿಂತುಹೋಯಿತು. ಯಾರೂ ನನ್ನ ಜೊತೆ ಜಗಳವಾಡಲಿಲ್ಲ. ಗೆರಸಿ ತಂದಿಡುವಾಗ ಜಾವಳಿಯವಳು, "ನೋಡ್ಕಳಮ್ಮ, ನನ್ನದೇ ಕೈ" ಎನ್ನುತ್ತಿದ್ದಳು, ಅಷ್ಟೇ. ಆ ವರ್ಷ ಬಸುರಿಯೊಬ್ಬಳು ದಿನ ತುಂಬುವವರೆಗೂ ಗೋಡೆಗೊರಗಿ ತನ್ನ ಎಲೆಯನ್ನೆಲ್ಲ ತಾನೇ ಸುತ್ತಿದಳು. ಅವಳ ಕಟ್ಟುಗಳನ್ನೂ ನಾನೇ ಉರುಳಿಸಿ ನೋಡಿದೆ. ಕಡೆಕಡೆಗೆ ಅವು ಸಡಿಲವಾಗುತ್ತ ಬಂದದ್ದು ನನಗೆ ತಿಳಿಯಿತು. ಈ ಸಲ ಸುಮ್ಮನೆ ಆಚೆ ಸರಿಸಿದೆ. ಅದನ್ನೇನೂ ದೊಡ್ಡದು ಎಂದು ಹೇಳಿಕೊಳ್ಳುತ್ತಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಶೆಡ್ಡು ಮುಚ್ಚಿತು. ಕೈ ಕೆಟ್ಟಿತು ಅಂತ ಮಾಲೀಕರು ತಂಗಿಯನ್ನು ಬಿಡಿಸಿದರು ಎಂದೇ ನೆಂಟರಿಗೆಲ್ಲ ಹೇಳುತ್ತ ಬಂದಿದ್ದೇನೆ. ಅವಳು ಪಕ್ಕದಲ್ಲೇ ಕೂತಿದ್ದಾಗಲೂ ಹಾಗೆಯೇ ಹೇಳಿದ್ದೇನೆ. ಅವಳು ತಲೆ ತಗ್ಗಿಸಿಕೊಂಡು ಕೇಳುತ್ತಾಳೆ. ಒಮ್ಮೆಯೂ ತಿದ್ದಿಲ್ಲ.