ಖಾಲಿ ಇದ್ದ ಅಣ್ಣನ ಹುದ್ದೆ

“ನಿಮಗೆ ಮದುವೆ ಆಗಿದೆ ಅಂತ ಯಾರ್ಯಾರಿಗೆ ಗೊತ್ತು ಮೇಡಂ?”

ರಾಜಾಜಿನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಕೂತಿದ್ದ ವೀಸಾ ಸಲಹೆಗಾರ್ತಿ ಕೇಳಿದಳು. ಶಾಲೆಯಲ್ಲಿ ನನ್ನ ಬಳಿ ಓದಿದ್ದರೆ ಈಗಷ್ಟೇ ಕಾಲೇಜು ಮುಗಿಸಿರಬಹುದಾದಷ್ಟು ಚಿಕ್ಕ ವಯಸ್ಸಿನ ಹುಡುಗಿ. ನಾನು ಬೆರಳು ಮಡಿಸಿ ಎಣಿಸಿದೆ. ಸಾಕ್ಷಿ ಸಹಿ ಹಾಕಿದ ನನ್ನ ಸಹೋದ್ಯೋಗಿ, ನನ್ನ ಗಂಡನ ವರ್ಕ್‌ಶಾಪಿನ ಗೆಳೆಯ, ಗಂಡ, ನಾನು. ನಾಲ್ಕು ಜನ ಎಂದೆ. ಆಕೆ ಮುಂದಿನ ಹೆಸರಿಗಾಗಿ ಕಾಯುತ್ತಾ ಪೆನ್ನು ಹಿಡಿದೇ ಇದ್ದಳು.

ನನ್ನ ಗಂಡ ಆಸ್ಟ್ರೇಲಿಯಾಕ್ಕೆ ಹೋಗಿ ಎಂಟು ತಿಂಗಳಾಗಿತ್ತು. ಕಾಮಾಕ್ಷಿಪಾಳ್ಯದಲ್ಲಿ ಇಪ್ಪತ್ತು ವರ್ಷ ಲೇತ್ ಮುಂದೆ ನಿಂತವರು. ಕಬ್ಬಿಣದ ಡೈ, ಅಂದರೆ ಅಚ್ಚು, ಮಾಡುವುದರಲ್ಲಿ ಅವರ ಕೈ ಚೆನ್ನಾಗಿದೆ ಎಂದು ಅಲ್ಲಿಯ ಕಾರ್ಖಾನೆಯೊಂದು ಕರೆಸಿಕೊಂಡಿತ್ತು. ನಾನು ಹೋಗಬೇಕಾದರೆ ಹೆಂಡತಿಯ ವೀಸಾ ಬೇಕು. ಅದಕ್ಕೆ ಮದುವೆಯ ಸರ್ಟಿಫಿಕೇಟ್ ಒಂದೇ ಸಾಲದಂತೆ. ಒಟ್ಟಿಗೆ ಸಂಸಾರ ಮಾಡಿದ್ದು ನಿಜ, ಅದು ಸುತ್ತಮುತ್ತಲಿನವರಿಗೆ ಗೊತ್ತು ಎಂಬುದಕ್ಕೂ ಪುರಾವೆ ಬೇಕಂತೆ. ಅಲ್ಲೇ ನಾನು ಸಿಕ್ಕಿಹಾಕಿಕೊಂಡೆ. ಸುತ್ತಮುತ್ತಲಿನವರಿಗೆ ಗೊತ್ತಾಗದಿರಲಿ ಎಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಬಸವೇಶ್ವರನಗರದಲ್ಲಿ ನಾನು ಬಾಡಿಗೆಗಿದ್ದದ್ದು ಒಂದು ಮನೆಯ ಮಹಡಿಯ ಪೋರ್ಷನ್ನಿನಲ್ಲಿ. ಕೆಳಗೆ ಓನರ್ ಆಂಟಿ, ಎಪ್ಪತ್ತು ದಾಟಿದ ಒಂಟಿ ಹೆಂಗಸು. ಮನೆ ಕೊಡುವಾಗಲೇ ಹೇಳಿದ್ದರು: “ಟೀಚರ್ ಅಂತ ಕೊಡ್ತಾ ಇದೀನಮ್ಮ. ಗಂಡಸ್ರು ಬರೋ ಹಾಗಿಲ್ಲ. ಅಣ್ಣತಮ್ಮಂದ್ರು ಬಂದ್ರೆ ಬೇಡ ಅನ್ನಲ್ಲ.” ನನಗಾಗ ನಲವತ್ತಮೂರು ವರ್ಷ. ಗಂಡಸು ಬರುವ ಸಂಭವ ನನಗೂ ಕಾಣದ್ದರಿಂದ ಧಾರಾಳವಾಗಿ ಒಪ್ಪಿದೆ.

ಆಮೇಲೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳ ಮಾಡೆಲ್ಲಿಗೊಂದು ಹಲ್ಲುಚಕ್ರ ಬೇಕಾಗಿ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಚಕ್ರ ಮಾಡಿಕೊಟ್ಟವರು ಅದು ಸರಿಯಾಗಿ ತಿರುಗುತ್ತದೆಯೇ ಎಂದು ನೋಡಲು ಶಾಲೆಗೆ ಬಂದರು. ಪ್ರದರ್ಶನ ಮುಗಿದು ತಿಂಗಳಾದರೂ ಅವರಿಗೆ ಆ ಚಕ್ರದ ಚಿಂತೆ ಬಿಡಲಿಲ್ಲ. ಒಂದು ದಿನ ಮನೆಯವರೆಗೆ ಬಂದಾಗ ಗೇಟಿನಲ್ಲಿ ಆಂಟಿ, “ಯಾರಮ್ಮ ಇವರು?” ಎಂದರು. “ದೊಡ್ಡಮ್ಮನ ಮಗ. ಅಣ್ಣ,” ಎಂದುಬಿಟ್ಟೆ. ನನಗೆ ಸ್ವಂತ ಅಣ್ಣ ಇಲ್ಲದ್ದರಿಂದ ಹುದ್ದೆ ಖಾಲಿಯೇ ಇತ್ತು.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾವು ಮದುವೆ ಮಾಡಿಕೊಂಡು ಆಮೇಲೆ ಸಾವಿರ ಸುಳ್ಳಿಗೆ ಇಳಿದೆವು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಮಾಗಡಿ ರಸ್ತೆಯಲ್ಲಿ ಮಸಾಲೆದೋಸೆ ತಿಂದು, ನಾನು ಮಧ್ಯಾಹ್ನದ ಎರಡನೇ ಪೀರಿಯಡ್ಡಿಗೆ ಶಾಲೆಯಲ್ಲಿದ್ದೆ. ಇವರಿದ್ದ ರೂಮನ್ನು ಕೆಡವುತ್ತಿದ್ದಾರೆ, ಬೇರೆ ಸಿಗುವವರೆಗೆ ನನ್ನ ಜೊತೆ ಇರುತ್ತಾರೆ ಎಂದು ಆಂಟಿಗೆ ಹೇಳಿದೆ. ಆ ‘ಸಿಗುವವರೆಗೆ’ ಒಂದೂವರೆ ವರ್ಷ ನಡೆಯಿತು. ತಾಳಿ ಸೆರಗಿನೊಳಗೆ ಸೇರಿಕೊಂಡಿತು. ಈ ವಯಸ್ಸಿನಲ್ಲಿ ಮದುವೆ ಬೇಕಿತ್ತಾ ಎಂದು ಬೀದಿಯ ಹೆಂಗಸರು ನಗುತ್ತಾರೆ ಎಂಬ ಭಯ ನನಗೆ. ಅವರು, “ನೀವು ಹೇಳಿದಂಗೆ, ಟೀಚರ್,” ಎಂದು ಸುಮ್ಮನಿದ್ದರು. ಆಂಟಿ ಮಾತ್ರ ಸುಮ್ಮನಿರಲಿಲ್ಲ. “ನಿಮ್ಮಣ್ಣನಿಗೂ ಒಂದು ದಾರಿ ಮಾಡ್ಬೇಕಲ್ಲಮ್ಮ,” ಎಂದು ಕೆಂಗೇರಿಯಲ್ಲಿದ್ದ ತಂಗಿಯ ಮಗಳ ಜಾತಕ ತಂದುಕೊಟ್ಟರು. ನಾನು ಅದನ್ನು ಎರಡು ವಾರ ಇಟ್ಟುಕೊಂಡು, ಕೂಡಿಬರಲಿಲ್ಲ ಎಂದು ಹಿಂದಿರುಗಿಸಿದೆ.

ಈಗ ಸಲಹೆಗಾರ್ತಿಯ ಮುಂದೆ ಹರಡಲು ನನ್ನ ಬಳಿ ಏನಿತ್ತು? ಬಾಡಿಗೆ ಕರಾರು, ಗ್ಯಾಸು, ಕರೆಂಟು ಎಲ್ಲ ನನ್ನ ಒಬ್ಬಳ ಹೆಸರಿನಲ್ಲಿ. ರಿಜಿಸ್ಟ್ರಾರ್ ಕಚೇರಿಯಲ್ಲಿ ತೆಗೆದ ಒಂದು ಫೋಟೋದಲ್ಲಿ ಇಬ್ಬರೂ ಜಾಮೀನಿಗೆ ಕಾಯುತ್ತಿರುವವರ ಹಾಗಿದ್ದೆವು. ಜೊತೆಯಾಗಿ ಎಲ್ಲಿಗೂ ಹೋಗಿರಲಿಲ್ಲ, ಯಾರಾದರೂ ಕಂಡಾರೆಂದು. ಆಕೆ ನನ್ನ ಫೋನು ಇಸಿದುಕೊಂಡು ಹುಡುಕುತ್ತಾ ಹೋದಳು. ಒಂದು ಕಡೆ ಅವಳ ಮುಖ ಅರಳಿತು.

“ಇದು ಸೂಪರ್ ಮೇಡಂ. ಇಬ್ರೂ ಎಷ್ಟು ನ್ಯಾಚುರಲ್ ಆಗಿದೀರಾ. ಏನ್ ಫಂಕ್ಷನ್ ಇದು?”

“ನಾಗರ ಪಂಚಮಿ.”

ಆಕೆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಅವರು ಬನಿಯನ್ ಎತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಾರೆ. ನಾನು ಹೂವನ್ನು ಹಾಲಲ್ಲಿ ಅದ್ದಿ ಅವರ ಬೆನ್ನಿಗೆ ಸವರುತ್ತಿದ್ದೇನೆ. ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಮಾಡುವುದು. ಅಣ್ಣನನ್ನು ಮನೆಯಲ್ಲೇ ಇಟ್ಟುಕೊಂಡು ಬೆನ್ನು ತೊಳೆಯದೆ ಇರುವುದುಂಟೇ ಎಂದು ಆಂಟಿಯೇ ಹಾಲಿನ ಬಟ್ಟಲು ಹಿಡಿದು ಮೇಲೆ ಬಂದಿದ್ದರು, ಪಕ್ಕದಲ್ಲಿ ನಿಂತು “ಬೆನ್ನು ತಣ್ಣಗಿರಲಿ, ಹೊಟ್ಟೆ ತಣ್ಣಗಿರಲಿ” ಎಂದು ನನ್ನಿಂದ ಹೇಳಿಸಿದ್ದರು. ಫೋಟೋ ತೆಗೆದು ಬೀದಿಯ ಹೆಂಗಸರ ವಾಟ್ಸಾಪ್ ಗ್ರೂಪಿಗೂ ಹಾಕಿದ್ದರು. ಅದಕ್ಕೆ ಐದು ದಿನ ಮುಂಚೆ ಭೀಮನ ಅಮಾವಾಸ್ಯೆ. ಅವತ್ತು ಇದೇ ಮನುಷ್ಯನ ಪಾದ ತೊಳೆದು, ಅರಿಸಿನ ಕುಂಕುಮ ಇಟ್ಟು, ಗಂಡನೆಂದು ಪೂಜೆ ಮಾಡಿದ್ದೆ. ಬಾಗಿಲು ಹಾಕಿಕೊಂಡಿದ್ದರಿಂದ ಅದಕ್ಕೆ ಫೋಟೋ ಇಲ್ಲ.

ಸಲಹೆಗಾರ್ತಿಗೂ ಇಬ್ಬರು ತಮ್ಮಂದಿರಿದ್ದರಂತೆ. ಪೆನ್ನು ಕೆಳಗಿಟ್ಟು ನೀರು ಕುಡಿದಳು. “ಮೇಡಂ, ಓನರ್ ಹತ್ರ ಒಂದು ಲೆಟರ್ ತನ್ನಿ. ನೀವಿಬ್ರೂ ಗಂಡ ಹೆಂಡತಿಯಾಗಿ ಅಲ್ಲಿ ವಾಸ ಇದ್ರಿ ಅಂತ. ಅದೊಂದು ಇಲ್ದೆ ಅಪ್ಲೈ ಮಾಡಿದ್ರೆ ರಿಜೆಕ್ಟ್ ಆಗೋ ಚಾನ್ಸೇ ಜಾಸ್ತಿ.”

ಒಂಬತ್ತನೇ ಕ್ಲಾಸಿನ ಅರವತ್ತು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ನಾನು ಆಂಟಿಯ ಬಾಗಿಲವರೆಗೆ ಮೂರು ಸಲ ಹೋಗಿ ವಾಪಸ್ ಬಂದೆ. ಭಾನುವಾರ ಅವರು ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕೂತು, ನಾನೂ ಒಂದು ಕಟ್ಟು ಬಿಡಿಸುತ್ತಾ, ಎಲ್ಲ ಹೇಳಿಬಿಟ್ಟೆ. ಆಂಟಿ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟರು. ಬೈಗುಳಕ್ಕೆ ನಾನು ತಯಾರಾಗಿದ್ದೆ, ಅವರು ಕೇಳಿದ್ದು ಬೇರೆ.

“ಪಂಚಮಿ ದಿನ ಗಂಡನ ಬೆನ್ನಿಗೆ ನನ್ನ ಕೈಯಾರೆ ಹಾಲು ಹಾಕಿಸ್ದೆನಲ್ಲೇ. ಬೇಡ ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ ನಿನಗೆ?”

ಆಂಟಿ ಸೊಪ್ಪಿನ ತಟ್ಟೆ ತೆಗೆದುಕೊಂಡು ಒಳಗೆ ಹೋದರು. ನಾಲ್ಕು ದಿನ ಮಾತಿಲ್ಲ. ಕರಿಬೇವು ಕೊಯ್ಯಲು ಹೋದರೆ ಗಿಡ ಅವರದ್ದೆಂದು ನೆನಪಾಗಿ ಹಿಂದಿರುಗಿದೆ. ವೀಸಾ ಹೋಯಿತು ಎಂದುಕೊಂಡೆ. ನಾಚಿಕೆಯಾಯಿತು, ಬೀದಿಗೆ ಹೆದರಿ ಆಗುವ ನಾಚಿಕೆಯಲ್ಲ ಅದು. ನನ್ನನ್ನು ನಂಬಿದ ಹೆಂಗಸಿಗೆ ಮೋಸ ಮಾಡಿದೆನಲ್ಲ ಎಂಬುದು.

ಐದನೇ ದಿನ ಸಂಜೆ ಅವರೇ ಮಹಡಿ ಹತ್ತಿ ಬಂದರು. ಮಂಡಿನೋವಿನಿಂದ ಮೆಟ್ಟಿಲಿಗೊಂದು ದೇವರ ಹೆಸರು ಹೇಳುತ್ತಾ ಬಂದವರು ಕೂರುವ ಮುಂಚೆಯೇ, “ಅವನಿಗೆ ಫೋನ್ ಮಾಡು. ಮುಖ ಕಾಣೋ ಹಾಗೆ,” ಎಂದರು. ಮಾಡಿದೆ. ಅಲ್ಲಿ ಅವರು ಅನ್ನಕ್ಕೆ ಸಾರು ಕಲೆಸುತ್ತಿದ್ದವರು ಆಂಟಿಯ ಮುಖ ಕಂಡು ಎದ್ದು ನಿಂತರು.

“ಏನಪ್ಪಾ, ಇವಳಿಗೆ ಬುದ್ಧಿ ಇಲ್ಲ ಸರಿ. ನಿನಗೇನಾಗಿತ್ತು? ಒಂದೂವರೆ ವರ್ಷ ಬಾಯಿ ಮುಚ್ಕೊಂಡು ಅಣ್ಣ ಆಗಿದ್ಯಲ್ಲ.”

ಅವರು ನಕ್ಕರು. “ಅಣ್ಣ ಅಂತಾದ್ರೂ ಮನೆಗೆ ಸೇರಿಸ್ಕೊಂಡ್ರಲ್ಲ ಆಂಟಿ. ನನಗೆ ಅಷ್ಟೇ ಸಾಕಾಗಿತ್ತು.” ಆಮೇಲೆ ತಟ್ಟೆ ಕೆಳಗಿಟ್ಟು, ನನ್ನ ಕಡೆ ನೋಡದೆ, “ಆ ಪಂಚಮಿ ದಿನ ಮಾತ್ರ ಸ್ವಲ್ಪ ಬೇಜಾರಾಯ್ತು. ಗಂಡ ಅಂತ ಪೂಜೆ ಮಾಡಿದ್ದು ಬಾಗಿಲು ಹಾಕ್ಕೊಂಡು. ಅಣ್ಣ ಅಂತ ಮಾಡಿದ್ದು ಬಾಗಿಲು ತೆಗೆದು, ಎಲ್ರ ಮುಂದೆ,” ಎಂದರು.

ಅವತ್ತು ಮೆಟ್ಟಿಲ ಮೇಲೆ ಅವರ ಬೆನ್ನು ನಡುಗುತ್ತಿದ್ದದ್ದು ನನ್ನ ಕೈಗೆ ತಿಳಿದಿತ್ತು. ನಗು ತಡೆದುಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ. ಎಷ್ಟೋ ಸಲ ಅದನ್ನು ನೆನೆದು ಒಬ್ಬಳೇ ನಕ್ಕಿದ್ದೂ ಇದೆ.

ಆಂಟಿ ನನ್ನನ್ನು ನೋಡಿದ ನೋಟಕ್ಕೆ ಬೈಗುಳವೇ ವಾಸಿಯಿತ್ತು. ಹಾಳೆ ಕೇಳಿ ಇಸಿದುಕೊಂಡು, ಕೆಳಗೆ ಹೋಗಿ, ಮಾರನೆಯ ದಿನ ಪತ್ರ ಕೊಟ್ಟರು. ಅವರದ್ದೇ ಕೈಬರಹ, ಕನ್ನಡದಲ್ಲಿ. “ಇವರು ಅಣ್ಣ ತಂಗಿ ಎಂದು ನನಗೆ ಸುಳ್ಳು ಹೇಳಿ ನನ್ನ ಮನೆಯಲ್ಲಿ ಒಂದೂವರೆ ವರ್ಷ ಸಂಸಾರ ಮಾಡಿದ್ದಾರೆ. ನಾನು ನಂಬಿದ್ದೆ. ಈಗ ಯೋಚಿಸಿದರೆ, ತಂಗಿಯ ಸ್ಕೂಟರ್ ಗೇಟಿಗೆ ಬರುವವರೆಗೆ ಊಟ ಮಾಡದೆ ಕಾಯುವ ಅಣ್ಣನನ್ನು ನಾನು ಎಲ್ಲೂ ಕಂಡಿಲ್ಲ.” ಸಲಹೆಗಾರ್ತಿ ಅದನ್ನು ಎರಡು ಸಲ ಓದಿ, ಒಂದಕ್ಷರ ಬದಲಿಸದೆ ಅನುವಾದಕ್ಕೆ ಕಳಿಸಿದಳು. ಏಳು ತಿಂಗಳಿಗೆ ವೀಸಾ ಬಂತು. ಅಲ್ಲಿಯವರು ಯಾವುದನ್ನು ನೋಡಿ ಒಪ್ಪಿದರೋ ಹೇಳಲಿಲ್ಲ.

ನಾನು ಹೇಳಬೇಕಾದ್ದು ಅರ್ಜಿ ಕಳಿಸಿದ ದಿನದ್ದು. ಅದರಲ್ಲಿ ಎರಡು ತಾರೀಖು ತುಂಬಬೇಕಿತ್ತು. ಮದುವೆಯಾದ ದಿನ ಒಂದು. ಗಂಡ ಹೆಂಡತಿ ಎಂದು ನಾಲ್ಕು ಜನರೆದುರು ಹೇಳಿಕೊಂಡ ದಿನ ಇನ್ನೊಂದು. ಎರಡಕ್ಕೂ ಒಂದೇ ತಾರೀಖು ಹಾಕಿ ಮೇಡಂ, ಇಲ್ಲದಿದ್ದರೆ ಪ್ರಶ್ನೆ ಕೇಳುತ್ತಾರೆ ಎಂದಳು ಸಲಹೆಗಾರ್ತಿ. ಕೇಳಲಿ ಎಂದು ಎರಡನೆಯ ಜಾಗದಲ್ಲಿ ಆಂಟಿಯ ಜಗಲಿಯಲ್ಲಿ ಸೊಪ್ಪು ಬಿಡಿಸಿದ ಭಾನುವಾರದ ತಾರೀಖನ್ನೇ ಬರೆದೆ. ಕಳಿಸುವ ಮುಂಚೆ ಅಲ್ಲಿಂದ ನನ್ನ ಗಂಡನೂ ಓದಿ ಒಪ್ಪಬೇಕಿತ್ತು. ನಾನು ಮೆಟ್ಟಿಲಿಳಿದು ಕೆಳಗೆ ಬರುವಷ್ಟರಲ್ಲಿ ಓದಿ ಫೋನು ಮಾಡಿದರು.

“ಹಾಗಾದ್ರೆ ನಮ್ಮ ಮದುವೆ ಆಗಿ ಇನ್ನೂ ಎರಡು ವಾರ ಅನ್ನಿ, ಟೀಚರ್.”

“ಹೂಂ ರೀ. ನನ್ನಿಂದ ತಡವಾಯ್ತು,” ಎಂದೆ. ಬೇಕರಿಯ ಮುಂದೆ ಜನ ಓಡಾಡುತ್ತಿದ್ದರು. ನಾನು ಜೋರಾಗಿಯೇ ಹೇಳಿದೆ.