ದಿಬ್ಬದ ಮೇಲಿನ ಕರಿಕಂಬಳಿ

ದೆವ್ವ, ಶಕುನ ಅನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಅಜ್ಜಂಪುರದ ಕಡೆ, ನಮ್ಮೂರ ಕೆರೆಯ ನಡುವೆ ಒಂದು ದಿಬ್ಬ. ಅದರ ಮೇಲೆ ಆಗ ಮೂರು ಮನೆಗಳಿದ್ದವು. ಕೆರೆ ತುಂಬಿದರೆ ಹರಿಗೋಲು ಬಿಟ್ಟು ಬೇರೆ ದಾರಿಯಿಲ್ಲ. ಹರಿಗೋಲು ಬೇಕಾದಾಗ ದಿಬ್ಬದವರು ಅಂಚಿನ ಹುಣಸೆಮರಕ್ಕೆ ಬಿಳಿ ಪಂಚೆ ಕಟ್ಟುತ್ತಿದ್ದರು. ಸಾವಾದರೆ ಕರಿಕಂಬಳಿ. ಅದನ್ನು ತಮಾಷೆಗೂ ಕಟ್ಟುವ ಹಾಗಿರಲಿಲ್ಲ.

ನಮ್ಮಕ್ಕನನ್ನು ಅಲ್ಲಿಗೆ ಕೊಟ್ಟಿತ್ತು. ಎಂಬತ್ತನೇ ಇಸವಿಯ ಆಚೀಚೆ ಇರಬೇಕು, ಅವಳು ಎರಡನೆಯ ಸಲ ಬಸುರಿ, ಎಂಟು ತಿಂಗಳು. ಮೊದಲ ಹೆರಿಗೆಯಲ್ಲೇ ಸತ್ತು ಬದುಕಿದವಳು. ಆಸ್ಪತ್ರೆಗೆ ಹತ್ತಿರವಿರಲಿ ಎಂದು ಎರಡು ಸಲ ಕರೆಯಲು ಹೋದೆ. ಹಸು ಕರೆಯುವವರಿಲ್ಲ ಎಂದು ಅವಳತ್ತೆ ಕಳಿಸಲಿಲ್ಲ.

ಒಂದು ಮಧ್ಯಾಹ್ನ ಕೆರೆ ಏರಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಆಚೆ ಹುಣಸೆಮರದಲ್ಲಿ ಕರಿಕಂಬಳಿ ತೂಗುತ್ತಿತ್ತು. ಅಕ್ಕ ಹೋದಳು ಅಂದುಕೊಂಡೆ. ಹರಿಗೋಲಿನ ರಂಗಣ್ಣನಿಗೆ ತೋರಿಸಿದೆ. ಅವನೂ ನೋಡಿ, ನನ್ನನ್ನು ಕೂರಿಸಿಕೊಂಡು ಹುಟ್ಟು ಹಾಕಿದ. ಅರ್ಧ ನೀರಿನವರೆಗೂ ಕಂಬಳಿ ಕಾಣುತ್ತಿತ್ತು. ಹರಿಗೋಲು ಒಂದು ಸುತ್ತು ತಿರುಗಿ ನೇರವಾಗುವಷ್ಟರಲ್ಲಿ ಮರ ಬರಿದಾಗಿತ್ತು.

ಓಡಿದೆ. ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ದಿಬ್ಬಕ್ಕೆಲ್ಲ ಇದ್ದ ಒಂದೇ ಕರಿಕಂಬಳಿಯ ಮೇಲೆ, ಕಾಲು ಬಿದ್ದುಹೋಗಿದ್ದ ಅವಳ ಮಾವ ಒಳಗೆ ಬೆಳಗಿನಿಂದ ಮಲಗಿದ್ದರು. ಮರದಲ್ಲಿ ಕಂಡದ್ದನ್ನು ಹೇಳಿದೆ.

“ನಾನಿನ್ನೂ ಇದೀನಿ ಕಣವ್ವ. ಅಷ್ಟ್ ಅವಸರ ಏನು?” ಎಂದು ಮಾವ ನಕ್ಕರು.

ಅತ್ತೆ ನಗಲಿಲ್ಲ. “ಸೊಸೇನ ಕರ್ಕೊಂಡ್ ಹೋಗಕ್ಕೆ ಕಟ್ಟಿದ್ ಕತೆ ಇದು. ರಂಗನ್ನೂ ಸೇರಿಸ್ಕೊಂಡಿದೀಯ.”

ನನಗೆ ಸಿಟ್ಟು ಬಂತು. ಮಾವನನ್ನು ಪಕ್ಕಕ್ಕೆ ಸರಿಸಿ ಕಂಬಳಿ ಎಳೆದು ತೋರಿಸಿದೆ. ಉಣ್ಣೆಗೆ ಹಸಿ ಹುಣಸೆ ಎಲೆ ಅಂಟಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತರು. ಆಮೇಲೆ, ಕರೆದುಕೊಂಡು ಹೋಗು ಅಂದರು.

ಹೆರಿಗೆ ಎರಡು ದಿನ ಹಿಡಿಯಿತು. ಕೊನೆಗೆ ತರೀಕೆರೆ ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ಮಗು ತೆಗೆದರು. ಇಬ್ಬರೂ ಉಳಿದರು. ದಿಬ್ಬದಲ್ಲಿ ಆ ವರ್ಷ ಒಂದು ಕೋಳಿಯೂ ಸಾಯಲಿಲ್ಲ.

ಎಲೆಯನ್ನೂ ನಾನೇ ಮಡಿಲಲ್ಲಿ ತಂದಿದ್ದೆ ಎಂದು ಅತ್ತೆ ಸಾಯುವವರೆಗೂ ಹೇಳುತ್ತಿದ್ದರು. ನನ್ನ ಅನುಮಾನ ಅಕ್ಕನ ಮೇಲೆ. ಆದರೆ ತುಂಬಿದ ಬಸುರಿ ಮುದುಕನ ಕೆಳಗಿಂದ ಕಂಬಳಿ ಎಳೆದು, ಮರಕ್ಕೆ ಕಟ್ಟಿ, ಬಿಚ್ಚಿ ತಂದು ಮತ್ತೆ ಹಾಸಿದಳೇ? ಮೊನ್ನೆ ಕೇಳಿಯೇಬಿಟ್ಟೆ.

“ನೀನ್ ಹೇಳಿದ್ ಸುಳ್ಳು ಅಂದ್ಕೊಂಡೇ ನಾನ್ ಸುಮ್ನಿದ್ದೆ ಕಣೇ,” ಅಂದಳು.

ಅಂಥ ಸುಳ್ಳು ಹೊಳೆದಿದ್ದರೆ ಖಂಡಿತ ಹೇಳುತ್ತಿದ್ದೆ. ಹೊಳೆದಿರಲಿಲ್ಲ.